ಬೈಕಿಗೆ ಯಾವ ಪೆಟ್ರೋಲ್? ಆಕ್ಟೇನ್ ಲೆಕ್ಕ ಬೇರೆ, ಎಥನಾಲ್ ಲೆಕ್ಕ ಬೇರೆ

"95 ಹಾಕಿಸಿದರೆ ಎಥನಾಲ್ ಇರುವುದಿಲ್ಲ ತಾನೆ?" ಬೈಕ್ ಓಡಿಸುವವರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಇರಬಹುದು, ಇಲ್ಲದೆಯೂ ಇರಬಹುದು. 95 ಎನ್ನುವುದು ಆಕ್ಟೇನ್. ಸಿಲಿಂಡರಿನೊಳಗೆ ಅದುಮಿದಾಗ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಪ್ಲಗ್ಗಿನ ಕಿಡಿಗಾಗಿ ಎಷ್ಟರಮಟ್ಟಿಗೆ ಕಾಯಬಲ್ಲದು ಎಂಬುದನ್ನು ಆ ಅಂಕಿ ಹೇಳುತ್ತದೆ. ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್, ಅಂದರೆ ಎಥನಾಲ್, ಎಷ್ಟಿದೆ ಎಂದು ಹೇಳುವ ಗುರುತು ಇನ್ನೊಂದು: ಇ5, ಇ10, ಇ20. ಇ10 ಎಂದರೆ ನೂರು ಪಾಲಿನಲ್ಲಿ ಹತ್ತು ಪಾಲಿನವರೆಗೆ ಎಥನಾಲ್ ಇರಬಹುದು ಎಂದರ್ಥ.

ಈ ಎರಡು ಅಂಕಿಗಳನ್ನು ಒಂದೇ ಎಂದು ತಿಳಿದವರಿಗೆ ನಷ್ಟ ಎರಡು ಕಡೆಯಿಂದ. ಬೇಡದ ಎಂಜಿನ್ನಿಗೆ ದುಬಾರಿ ಪೆಟ್ರೋಲ್ ಹಾಕಿ ಹಣ ಕಳೆದುಕೊಳ್ಳುತ್ತಾರೆ. ಎಥನಾಲ್ ತಾಳದ ಹಳೆಯ ಗಾಡಿಗೆ ಅದನ್ನೇ ಕುಡಿಸಿ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಹಾಳು ಮಾಡಿಕೊಳ್ಳುತ್ತಾರೆ. ಆದ್ದರಿಂದ ಬಂಕಿಗೆ ಹೋಗುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿರಲಿ. ನನ್ನ ಎಂಜಿನ್ನಿಗೆ ಎಷ್ಟು ಆಕ್ಟೇನ್ ಬೇಕು? ನನ್ನ ಗಾಡಿಯ ಟ್ಯಾಂಕು, ಪೈಪು, ರಬ್ಬರುಗಳು ಎಷ್ಟು ಎಥನಾಲ್ ತಾಳುತ್ತವೆ? ಹಾಕಿಸಿದ ಪೆಟ್ರೋಲ್ ಟ್ಯಾಂಕಿನಲ್ಲಿ ಎಷ್ಟು ದಿನ ಕೂರುತ್ತದೆ? ಮೂರನೆಯದನ್ನು ಯಾರೂ ಕೇಳುವುದಿಲ್ಲ. ನಾನು ಕಂಡ ಹಾನಿಯಲ್ಲಿ ಹೆಚ್ಚಿನ ಪಾಲು ಬಂದಿರುವುದು ಅಲ್ಲಿಂದಲೇ.

ಮೊದಲು ಕೈಪಿಡಿ, ಆಮೇಲೆ ಟ್ಯಾಂಕಿನ ಮುಚ್ಚಳ

ಗಾಡಿಯ ಜೊತೆ ಬಂದ ಕೈಪಿಡಿ ತೆಗೆದು "ಇಂಧನ" ಎಂಬ ಪುಟ ನೋಡಿ. ಅಲ್ಲಿ ಸಾಮಾನ್ಯವಾಗಿ ಕನಿಷ್ಠ ಆಕ್ಟೇನ್ ಮತ್ತು ಗರಿಷ್ಠ ಎಥನಾಲ್ ಎರಡೂ ಬರೆದಿರುತ್ತವೆ. ಕೈಪಿಡಿ ಕಳೆದಿದ್ದರೆ ಟ್ಯಾಂಕಿನ ಮುಚ್ಚಳದ ಸುತ್ತ ಅಥವಾ ಒಳಬದಿಯಲ್ಲಿ ಅಂಟುಚೀಟಿ ಇದೆಯೇ ಎಂದು ನೋಡಿ. ಅದೂ ಇಲ್ಲದಿದ್ದರೆ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಹೆಸರು, ತಯಾರಾದ ವರ್ಷ ಕೊಟ್ಟು ಹುಡುಕಿ. ವರ್ಷ ಮುಖ್ಯ, ಏಕೆಂದರೆ ಒಂದೇ ಹೆಸರಿನ ಬೈಕಿನಲ್ಲಿ ಒಂದು ವರ್ಷ ಇದ್ದ ರಬ್ಬರ್ ಪೈಪು ಮರುವರ್ಷ ಬದಲಾಗಿರಬಹುದು.

ಆಕ್ಟೇನ್ ಅಂಕಿ ಓದುವಾಗ ಒಂದು ಎಚ್ಚರ ಬೇಕು. ಹೆಚ್ಚಿನ ದೇಶಗಳು ಆರ್‌ಒಎನ್ ಎಂಬ ಅಳತೆ ಬಳಸುತ್ತವೆ. ಅಮೆರಿಕದ ಪಂಪುಗಳ ಮೇಲಿರುವುದು ಎಕೆಐ, ಅಂದರೆ ಆರ್‌ಒಎನ್ ಮತ್ತು ಎಂಒಎನ್ ಎಂಬ ಎರಡು ಅಳತೆಗಳ ಸರಾಸರಿ. ಹಾಗಾಗಿ ಅಲ್ಲಿಯ 87 ಎಂದರೆ ಬೇರೆ ಕಡೆಯ ಸುಮಾರು 91. ಆಮದಾದ ಬೈಕಿನ ಕೈಪಿಡಿಯಲ್ಲಿ 87 ಎಂದಿದ್ದರೆ, ಅಷ್ಟು ಕೆಳಗಿನ ಪೆಟ್ರೋಲ್ ಸಿಗುವುದಿಲ್ಲವಲ್ಲ ಎಂದು ಚಿಂತಿಸಬೇಕಿಲ್ಲ.

ಎಥನಾಲ್ ಗುರುತು ದೇಶದಿಂದ ದೇಶಕ್ಕೆ ಬೇರೆ. ಯುರೋಪಿನಲ್ಲಿ 2018ರ ಅಕ್ಟೋಬರಿನಿಂದ ಪಂಪಿಗೂ ಹೊಸ ಗಾಡಿಯ ಟ್ಯಾಂಕಿಗೂ ಒಂದೇ ಬಗೆಯ ಚೀಟಿ ಅಂಟಿಸುತ್ತಾರೆ: ವೃತ್ತದೊಳಗೆ ಇ5, ಇ10 ಅಥವಾ ಇ85. ಚೌಕ ಕಂಡರೆ ಅದು ಡೀಸೆಲ್. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲೇ ಇ10. ಹಳೆಯ ವಾಹನಗಳಿಗೆಂದು ಮೇಲಿನ ದರ್ಜೆಯಲ್ಲಿ ಇ5 ಉಳಿಸಿದ್ದಾರೆ. ಅಮೆರಿಕದಲ್ಲಿ ಇ15ಕ್ಕೆ ಒಪ್ಪಿಗೆ ಇರುವುದು 2001 ಮತ್ತು ಆನಂತರದ ಕಾರುಗಳಿಗೆ. ಮೋಟಾರ್‌ಸೈಕಲ್ಲಿಗೆ ಅದನ್ನು ಹಾಕುವುದನ್ನು ಕಾನೂನೇ ತಡೆಯುತ್ತದೆ. ಭಾರತದಲ್ಲಿ ಇ20 ಸಾಮಾನ್ಯವಾಗಿದೆ. ಬ್ರೆಜಿಲ್‌ನ ಸಾಮಾನ್ಯ ಪೆಟ್ರೋಲಿನಲ್ಲಿ ಬಹುಕಾಲ ಶೇ 27 ಎಥನಾಲ್ ಇತ್ತು, 2025ರ ಆಗಸ್ಟಿನಿಂದ ಶೇ 30 ಆಗಿದೆ. ಗಾಡಿಯ ಸಮೇತ ಗಡಿ ದಾಟುವವರು ಈ ವ್ಯತ್ಯಾಸ ತಿಳಿದುಕೊಂಡೇ ಹೊರಡಬೇಕು.

ಆಕ್ಟೇನ್: ಬೇಕಾದಷ್ಟೇ ಸಾಕು

ಪಿಸ್ಟನ್ ಮೇಲೇರಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಅದುಮುತ್ತದೆ. ಎಷ್ಟು ಪಟ್ಟು ಅದುಮುತ್ತದೆ ಎಂಬುದೇ ಕಂಪ್ರೆಷನ್ ರೇಶಿಯೊ. 9:1 ಸುತ್ತಮುತ್ತ ಇರುವ ದಿನಬಳಕೆಯ ಬೈಕುಗಳಿಗೆ ಸಾಮಾನ್ಯವಾಗಿ 91 ಆಕ್ಟೇನ್ ಸಾಕು. 12:1, 13:1 ಇರುವ ಸ್ಪೋರ್ಟ್ಸ್ ಬೈಕುಗಳು 95 ಅಥವಾ ಅದಕ್ಕೂ ಹೆಚ್ಚು ಕೇಳುತ್ತವೆ. ಕಡಿಮೆ ಆಕ್ಟೇನ್ ಹಾಕಿದರೆ ಕಿಡಿಯ ಉರಿ ಸಿಲಿಂಡರನ್ನೆಲ್ಲ ವ್ಯಾಪಿಸುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ. ಅದೇ ನಾಕಿಂಗ್. ಎತ್ತರ ಏರುವಾಗ, ದೊಡ್ಡ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಎಂಜಿನ್ನಿನಿಂದ ಲೋಹಕ್ಕೆ ಲೋಹ ಬಡಿದಂಥ ಟಿಕ್ ಟಿಕ್ ಸದ್ದು ಕೇಳುತ್ತದೆ. ಅದನ್ನು ಕಡೆಗಣಿಸುತ್ತ ಓಡಿಸಿದರೆ ಪಿಸ್ಟನ್ನಿನ ಅಂಚು ತಿಂದುಹೋಗುತ್ತದೆ, ರಿಂಗು ಮುರಿಯುತ್ತದೆ.

ಇದಕ್ಕೆ ತಿರುಗಾಮುರುಗಾ ಲೆಕ್ಕ ಹಾಕಿ, ಹೆಚ್ಚು ಆಕ್ಟೇನ್ ಹಾಕಿದರೆ ಹೆಚ್ಚು ಪಿಕಪ್ ಬರುತ್ತದೆ ಎಂದು ನಂಬುವವರು ಬಹಳ. 91 ಸಾಕೆನ್ನುವ ಎಂಜಿನ್ನಿಗೆ 97 ಹಾಕಿದರೆ ಆಗುವ ಲಾಭ ಬಹುತೇಕ ಏನೂ ಇಲ್ಲ. ಆಕ್ಟೇನ್ ಶಕ್ತಿಯ ಅಳತೆಯಲ್ಲ, ತಾಳ್ಮೆಯ ಅಳತೆ. ಒತ್ತಡವೇ ಇಲ್ಲದ ಕಡೆ ತಾಳ್ಮೆ ಎಷ್ಟಿದ್ದರೇನು?

ಕೈಪಿಡಿ ಹೇಳಿದ ಆಕ್ಟೇನ್ ಹಾಕಿಯೂ ನಾಕಿಂಗ್ ಬರುವ ಗಾಡಿಗಳುಂಟು. ಹಳೆಯ ಎಂಜಿನ್ನಿನಲ್ಲಿ ಪಿಸ್ಟನ್ ತಲೆಯ ಮೇಲೆ ಇಂಗಾಲ ಕಟ್ಟಿಕೊಂಡರೆ ಒಳಗಿನ ಜಾಗ ಕಿರಿದಾಗಿ ಅದುಮುವಿಕೆ ಹೆಚ್ಚುತ್ತದೆ. ಗಾಳಿಯಿಂದ ತಂಪಾಗುವ ಎಂಜಿನ್ ಕಡು ಬೇಸಿಗೆಯಲ್ಲಿ ನಿಂತು ನಿಂತು ಸಾಗಿದಾಗ ಹೆಚ್ಚು ಬಿಸಿಯಾಗುತ್ತದೆ. ಆಗ ಒಂದು ದರ್ಜೆ ಮೇಲಿನದನ್ನು ಹಾಕಿ ನೋಡುವುದು ತಪ್ಪಲ್ಲ. ಸದ್ದು ನಿಂತರೆ ಕಾರಣ ಹುಡುಕಿ ಸರಿಪಡಿಸಿ. ದುಬಾರಿ ಪೆಟ್ರೋಲನ್ನೇ ಔಷಧಿಯಂತೆ ವರ್ಷಗಟ್ಟಲೆ ಕುಡಿಸಬೇಡಿ. ದೂರದ ದಾರಿಯಲ್ಲಿ ಕಡಿಮೆ ದರ್ಜೆಯದೊಂದೇ ಸಿಕ್ಕಿದರೆ ಅರ್ಧ ಟ್ಯಾಂಕ್ ಮಾತ್ರ ಹಾಕಿಸಿ, ಆಕ್ಸಿಲರೇಟರನ್ನು ಮೆಲ್ಲಗೆ ತಿರುಗಿಸಿ, ಏರಿನಲ್ಲಿ ಗೇರ್ ಬೇಗ ಇಳಿಸಿ. ನಾಕಿಂಗ್ ಗುರುತಿಸಿ ತಾನೇ ಕಿಡಿಯನ್ನು ತುಸು ತಡವಾಗಿಸುವ ಸೆನ್ಸರ್ ಎಷ್ಟೋ ಬೈಕುಗಳಲ್ಲಿ ಇರುವುದಿಲ್ಲ. ಆ ಕೆಲಸ ನಿಮ್ಮ ಕಿವಿಯದೇ.

ಎಥನಾಲ್ ಎಂಜಿನ್ನಿಗೆ ಏನು ಮಾಡುತ್ತದೆ

ಎಥನಾಲನ್ನು ಬರೀ ಖಳನೆಂದು ಬಣ್ಣಿಸುವುದು ನ್ಯಾಯವಲ್ಲ. ಅದರ ಸ್ವಂತ ಆಕ್ಟೇನ್ 108ರ ಆಸುಪಾಸು. ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರುವುದರಿಂದ ಒಳಬರುವ ಗಾಳಿ ತಂಪಾಗುತ್ತದೆ. ರೇಸ್ ಎಂಜಿನ್ ಕಟ್ಟುವವರು ಅದನ್ನು ಇಷ್ಟಪಡುವುದು ಇದಕ್ಕೇ. ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಸುಮಾರು 21 ಮೆಗಾಜೂಲ್, ಪೆಟ್ರೋಲಿನಲ್ಲಿ ಸುಮಾರು 32. ಹೀಗಾಗಿ ಎಥನಾಲಿಲ್ಲದ ಪೆಟ್ರೋಲಿನ ಮುಂದೆ ಇ10ರಲ್ಲಿ ಶಕ್ತಿ ಶೇ 3ರಿಂದ 4ರಷ್ಟು, ಇ20ರಲ್ಲಿ ಶೇ 7ರಷ್ಟು, ಇ85ರಲ್ಲಿ ಶೇ 25ರಿಂದ 30ರಷ್ಟು ಕಡಿಮೆ. ಲೀಟರಿಗೆ 50 ಕಿಲೋಮೀಟರ್ ಕೊಡುತ್ತಿದ್ದ ಬೈಕ್ ಇ20ರಲ್ಲಿ 46-47 ಕೊಟ್ಟರೆ ಅದು ಸಹಜ. 40ಕ್ಕೆ ಇಳಿದರೆ ಬೇರೆ ಏನೋ ಕೆಟ್ಟಿದೆ. ಎಥನಾಲಿನ ಮೇಲೆ ಹೊರಿಸಿ ಸುಮ್ಮನಾಗಬೇಡಿ.

ಇನ್ನೊಂದು ವ್ಯತ್ಯಾಸ ಗಾಳಿಯ ಲೆಕ್ಕದ್ದು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು, ಎಥನಾಲಿಗೆ 9 ಗ್ರಾಂ ಸಾಕು, ಅದರೊಳಗೇ ಆಮ್ಲಜನಕವಿದೆ. ಇ10ಕ್ಕೆ ಈ ಪ್ರಮಾಣ 14.1, ಇ20ಕ್ಕೆ 13.5. ಪೆಟ್ರೋಲಿಗೆಂದು ಹೊಂದಿಸಿಟ್ಟ ಎಂಜಿನ್ನಿಗೆ ಇ20 ಹಾಕಿದರೆ ಇಂಧನ ಕಡಿಮೆ, ಗಾಳಿ ಹೆಚ್ಚು ಆದಂತಾಗುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಗಾಡಿ "ಲೀನ್" ಓಡುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಇದ್ದು ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುವ ಬೈಕು ಇದನ್ನು ಗಮನಿಸಿ ತಾನೇ ಇಂಧನ ಹೆಚ್ಚಿಸಿಕೊಳ್ಳುತ್ತದೆ, ಅದೂ ಒಂದು ಮಿತಿಯೊಳಗೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಎಷ್ಟೋ ಗಾಡಿಗಳು ಸೆನ್ಸರ್ ಬಿಟ್ಟು ಮೊದಲೇ ಬರೆದಿಟ್ಟ ಲೆಕ್ಕವನ್ನೇ ಹಿಡಿಯುತ್ತವೆ. ಕಾರ್ಬುರೇಟರಿಗಂತೂ ಕಣ್ಣೇ ಇಲ್ಲ. ಪೆಟ್ರೋಲ್ ಹಾದುಬರುವ ಅದರ ಪುಟ್ಟ ಹಿತ್ತಾಳೆಯ ತುಂಡು, ಅಂದರೆ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ.

ಟ್ಯಾಂಕು, ಪೈಪು, ರಬ್ಬರು

ಇಲ್ಲಿ ನಿಧಾನವಾಗಿ ನೋಡಿ. ಎಂಜಿನ್ನಿನ ಒಳಗೆ ಎಥನಾಲ್ ಮಾಡುವ ಬದಲಾವಣೆಯನ್ನು ಟ್ಯೂನಿಂಗಿನಲ್ಲಿ ಸರಿಪಡಿಸಬಹುದು. ಎಂಜಿನ್ನಿಗೆ ತಲುಪುವ ದಾರಿಯಲ್ಲಿ ಅದು ಮಾಡುವ ಹಾನಿ ಹಾಗಲ್ಲ, ಅಲ್ಲಿ ಭಾಗವನ್ನೇ ಬದಲಿಸಬೇಕಾಗುತ್ತದೆ.

ಎಥನಾಲ್ ಒಳ್ಳೆಯ ದ್ರಾವಕ. ವರ್ಷಗಳಿಂದ ಟ್ಯಾಂಕಿನ ಗೋಡೆಗೆ ಅಂಟಿದ ಕಂದು ಜಿಡ್ಡನ್ನೂ ತುಕ್ಕಿನ ಪುಡಿಯನ್ನೂ ಅದು ಸಡಿಲಿಸಿ ಕೆಳಗೆ ಕಳುಹಿಸುತ್ತದೆ. ಹಳೆಯ ಗಾಡಿಗೆ ಮೊದಲ ಬಾರಿ ಇ10 ಅಥವಾ ಇ20 ಹಾಕಿದ ಎರಡು ಮೂರು ಟ್ಯಾಂಕಿನೊಳಗೆ ಫಿಲ್ಟರ್ ಕಟ್ಟಿಕೊಳ್ಳುವುದು ಇದರಿಂದಲೇ. ಗಾಡಿ ನಿಧಾನಕ್ಕೆ ಚೆನ್ನಾಗಿ ಓಡಿ, ಜೋರಾಗಿ ಓಡಿಸಿದಾಗ ಮಾತ್ರ ಉಸಿರುಗಟ್ಟಿದಂತೆ ಮಾಡಿದರೆ ಮೊದಲು ಫಿಲ್ಟರ್ ನೋಡಿ.

ರಬ್ಬರಿನ ವಿಷಯ: ಸಹಜ ರಬ್ಬರ್ ಮತ್ತು ಹಳೆಯ ಕಾಲದ ಕೆಲವು ಕೃತಕ ರಬ್ಬರುಗಳು ಎಥನಾಲಿನಲ್ಲಿ ಉಬ್ಬಿ ಮೆತ್ತಗಾಗುತ್ತವೆ, ಒಣಗಿದಾಗ ಸೀಳುತ್ತವೆ. ಪೆಟ್ರೋಲ್ ಪೈಪನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ. ಕೈಗೆ ಜಿಗುಟು ಹತ್ತಿದರೆ, ಬಾಗಿಸಿದಾಗ ಕೂದಲೆಳೆ ಬಿರುಕು ಕಂಡರೆ, ತುದಿ ಕ್ಲಿಪ್ಪಿನ ಬಳಿ ಉಬ್ಬಿದ್ದರೆ ಇಂದೇ ಬದಲಿಸಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದು ಆಟದ ಮಾತಲ್ಲ. ಹೊಸ ಪೈಪ್ ಕೊಳ್ಳುವಾಗ ಅದರ ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನು ಕೇಳಿ. ಅದರ ಒಳಪದರ ಎಥನಾಲ್ ತಾಳುತ್ತದೆ. ಓ-ರಿಂಗ್, ಕಾರ್ಬುರೇಟರಿನಲ್ಲಿ ತೇಲುತ್ತ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಸೂಜಿಯ ತುದಿ, ಪೆಟ್ರೋಲ್ ಕಾಕಿನ ವಾಷರ್ ಇವುಗಳನ್ನು ವೈಟಾನ್ ರಬ್ಬರಿನವು ಹಾಕಿಸಿದರೆ ಬಹುಕಾಲ ಬಾಳುತ್ತವೆ.

ಲೋಹದಲ್ಲಿ ಹೆಚ್ಚು ನರಳುವುದು ಸತು ಬೆರೆತ ಎರಕದ ಕಾರ್ಬುರೇಟರ್, ಅಲ್ಯೂಮಿನಿಯಂ ಮತ್ತು ಬಣ್ಣ ಬಳಿಯದ ಉಕ್ಕಿನ ಟ್ಯಾಂಕಿನ ಒಳಮೈ. ಫ್ಲೋಟ್ ಬೌಲ್ (ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಬಿಚ್ಚಿದಾಗ ಬಿಳಿ ಹಿಟ್ಟಿನಂಥದ್ದು ಕಂಡರೆ ಅದು ಸತು ಅಥವಾ ಅಲ್ಯೂಮಿನಿಯಂ ತಿಂದುಹೋಗಿರುವ ಗುರುತು. ಹಿತ್ತಾಳೆಯ ಜೆಟ್ಟಿನ ಮೇಲೆ ಹಸಿರು ಕಟ್ಟಿದ್ದರೆ ಅದೂ ಅದೇ ಕಥೆ.

ಇನ್ನು ಹಳೆಯ ವಿಂಟೇಜ್ ಬೈಕುಗಳನ್ನು ಮಕ್ಕಳಂತೆ ನೋಡಿಕೊಳ್ಳುವವರಿಗೆ ಎರಡು ಮಾತು. ನಿಮ್ಮ ಕಾರ್ಬುರೇಟರಿನಲ್ಲಿ ಬೆಂಡಿನ ಫ್ಲೋಟ್ ಇದ್ದರೆ ಅದಕ್ಕೆ ಬಳಿದಿರುವುದು ಅರಗಿನ ಲೇಪ ಇರಬಹುದು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಲೇಪ ಹೋದ ಬೆಂಡು ಪೆಟ್ರೋಲ್ ಕುಡಿದು ಮುಳುಗುತ್ತದೆ, ಕಾರ್ಬುರೇಟರ್ ತುಂಬಿ ಹೊರಚೆಲ್ಲುತ್ತದೆ. ಹಾಗೆಯೇ ಫೈಬರ್‌ಗ್ಲಾಸ್ ಟ್ಯಾಂಕ್ ಇದ್ದರೆ, ಅಥವಾ ಉಕ್ಕಿನ ಟ್ಯಾಂಕಿನೊಳಗೆ ಹಿಂದೆ ಯಾರೋ ತುಕ್ಕು ತಡೆಯುವ ಲೇಪ ಹಾಕಿದ್ದರೆ, ಎಥನಾಲ್ ಆ ಅಂಟನ್ನು ಮೆತ್ತಗೆ ಮಾಡಿ ಎಬ್ಬಿಸಬಲ್ಲದು. ಕರಗಿದ ಅಂಟು ವಾಲ್ವಿನ ಕಾಂಡಕ್ಕೆ ಹತ್ತಿದರೆ ಎಂಜಿನ್ ಬಿಚ್ಚುವುದೇ ಗತಿ. ಇಂಥ ಗಾಡಿಗಳಿಗೆ ಎಥನಾಲಿಲ್ಲದ ಪೆಟ್ರೋಲ್ ಸಿಗುವ ಕಡೆ ಅದನ್ನೇ ಹಾಕಿ. ಸಿಗದಿದ್ದರೆ ಫ್ಲೋಟನ್ನು ಹಿತ್ತಾಳೆಯದಕ್ಕೆ ಬದಲಿಸಿ, ಟ್ಯಾಂಕಿಗೆ ಎಥನಾಲ್ ತಾಳುವ ಎಪಾಕ್ಸಿ ಲೇಪ ಹಾಕಿಸಿ. ಒಂದು ಸಲದ ಖರ್ಚು, ಆದರೆ ಅದು ಮುಗಿದ ಮೇಲೆ ನೆಮ್ಮದಿ.

ನೀರು ಸೇರಿದಾಗ

ನನ್ನ ಬಳಿಯಿದ್ದ ಹಳೆಯ ಕಾರ್ಬುರೇಟರ್ ಬೈಕು ಒಮ್ಮೆ ಮಳೆಗಾಲವಿಡೀ ನಿಂತೇ ಇತ್ತು. ಟ್ಯಾಂಕಿನಲ್ಲಿ ಅರ್ಧದಷ್ಟು ಇ10. ನಾಲ್ಕು ತಿಂಗಳ ಮೇಲೆ ಎಷ್ಟು ಒದ್ದರೂ ಹೊತ್ತಲಿಲ್ಲ. ಫ್ಲೋಟ್ ಬೌಲಿನ ಕೆಳಗಿನ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿದೆ. ನಡುವೆ ಗೆರೆ ಎಳೆದಂತೆ ಎರಡು ಪದರ: ಮೇಲೆ ಹಳದಿ, ಕೆಳಗೆ ಮಬ್ಬು. ಕಾರ್ಬುರೇಟರ್ ಕುಡಿಯುತ್ತಿದ್ದದ್ದು ಕೆಳಗಿನದನ್ನು.

ಆದದ್ದು ಇಷ್ಟು. ಬರೀ ಪೆಟ್ರೋಲ್ ನೀರನ್ನು ಬಹುತೇಕ ಸೇರಿಸಿಕೊಳ್ಳುವುದಿಲ್ಲ. ನೀರು ಬಿದ್ದರೆ ತಳದಲ್ಲಿ ಹನಿಯಾಗಿ ಕೂರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ಕರಗಿಸಿಕೊಂಡು ಏನೂ ಆಗದಂತೆ ಇರಬಲ್ಲದು. ಹದ ಬೆಚ್ಚಗಿರುವಾಗ ಇ10 ಸುಮಾರು ಶೇ 0.5ರಷ್ಟು ನೀರು ತಾಳುತ್ತದೆ. ಹತ್ತು ಲೀಟರಿಗೆ 50 ಮಿಲಿಲೀಟರ್, ಎಂದರೆ ಮೂರು ದೊಡ್ಡ ಚಮಚದಷ್ಟು. ಅದಕ್ಕಿಂತ ಒಂದು ಹನಿ ಹೆಚ್ಚಾದರೂ, ಅಥವಾ ರಾತ್ರಿ ಚಳಿ ಬಿದ್ದು ತಾಳುವ ಶಕ್ತಿ ಕುಗ್ಗಿದರೂ, ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಕೈಹಿಡಿದು ತಳಕ್ಕಿಳಿಯುತ್ತದೆ. ಆಮೇಲೆ ಮೇಲೆ ಉಳಿದದ್ದು ಎಥನಾಲ್ ಕಳೆದುಕೊಂಡು ಆಕ್ಟೇನ್ ಇಳಿದ ಪೆಟ್ರೋಲ್, ಕೆಳಗಿರುವುದು ಲೋಹ ತಿನ್ನುವ ನೀರು-ಎಥನಾಲ್. ಅಲುಗಾಡಿಸಿದರೆ ಮತ್ತೆ ಬೆರೆಯದು. ಯಾವ ಬಾಟಲಿಯ ಔಷಧಿಯೂ ಅದನ್ನು ನಂಬುವಂತೆ ಸರಿಮಾಡದು. ಟ್ಯಾಂಕ್ ಪೂರ್ತಿ ಬರಿದು ಮಾಡಿ ಒಣಗಿಸುವುದೊಂದೇ ದಾರಿ.

ಎಣ್ಣೆ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಗಾಡಿಗಳಿಗೆ ಇದು ಇನ್ನೂ ಅಪಾಯ. ಎಣ್ಣೆ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತದೆ. ಕೆಳಗಿನ ಪದರ ಎಂಜಿನ್ನಿಗೆ ಹೋದರೆ ಪಿಸ್ಟನ್ನಿಗೆ ಜಾರಲು ಎಣ್ಣೆಯೇ ಸಿಗದೆ ಜಾಮ್ ಆಗುತ್ತದೆ.

ನೀರು ಬರುವುದು ಎಲ್ಲಿಂದ? ಗಾಳಿಯ ತೇವದಿಂದ ಬರುವುದು ಬಹಳ ನಿಧಾನ. ಹೆಚ್ಚಾಗಿ ಅದು ಮುಚ್ಚಳದ ದಾರಿಯಲ್ಲೇ ನುಗ್ಗುತ್ತದೆ. ಟ್ಯಾಂಕಿನ ಮಟ್ಟಕ್ಕೆ ಕೂರುವ ಮುಚ್ಚಳಗಳ ಸುತ್ತ ಮಳೆನೀರು ಹರಿದುಹೋಗಲೆಂದು ಒಂದು ಸಣ್ಣ ತೂತು ಇರುತ್ತದೆ. ಅದು ಮಣ್ಣು ಕಟ್ಟಿ ಮುಚ್ಚಿಹೋದರೆ ನೀರು ಮುಚ್ಚಳದ ಸುತ್ತ ನಿಂತು, ಸವೆದ ರಬ್ಬರಿನ ಸಂದಿನಿಂದ ಒಳಗಿಳಿಯುತ್ತದೆ. ನನ್ನ ಬೈಕಿನಲ್ಲಿ ಆಗಿದ್ದೂ ಅದೇ. ಮುಚ್ಚಳ ತೆರೆದು ಆ ತೂತಿಗೆ ಮೆತ್ತನೆಯ ತಂತಿ ಹಾಕಿ ನೋಡಿ, ತೂತಿನೊಳಕ್ಕೆ ಒಂದು ಚಮಚ ನೀರು ಬಿಟ್ಟು ಅದು ಕೆಳಗಿನ ಪೈಪಿನಿಂದ ನೆಲಕ್ಕೆ ಬೀಳುತ್ತದೆಯೇ ಎಂದು ಪರೀಕ್ಷಿಸಿ. ಐದು ನಿಮಿಷದ ಕೆಲಸ. ಗಾಡಿ ತೊಳೆಯುವಾಗ ಒತ್ತಡದ ನೀರನ್ನು ಮುಚ್ಚಳದ ಕಡೆ ಹಾಯಿಸಲೇಬೇಡಿ.

ಇಲ್ಲಿ ಒಂದು ಕುತೂಹಲದ ಸಂಗತಿ. ಬ್ರೆಜಿಲ್‌ನ ಬಂಕುಗಳಲ್ಲಿ ಸಿಗುವ ಪೂರ್ತಿ ಎಥನಾಲಿನಲ್ಲಿ ನೀರಿನ ಅಂಶ ಇದ್ದೇ ಇರುತ್ತದೆ, ಅದಕ್ಕೆಂದೇ ಕಟ್ಟಿದ ಎಂಜಿನ್ನುಗಳು ನಿರಾಳವಾಗಿ ಓಡುತ್ತವೆ. ತೊಂದರೆ ಬರುವುದು ಪೆಟ್ರೋಲ್, ಎಥನಾಲ್, ನೀರು ಮೂರೂ ಒಂದೇ ಪಾತ್ರೆಯಲ್ಲಿ ಸೇರಿ ಬೇರಾದಾಗ.

ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ಅಳೆಯುವುದು

ಚೀಟಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಮನೆಯಲ್ಲೇ ನೋಡಬಹುದು. ಬಯಲಿನಲ್ಲಿ, ಬೆಂಕಿ-ಕಿಡಿ ಇಲ್ಲದ ಕಡೆ ಮಾಡಿ. ಗೆರೆ ಇರುವ, ಉದ್ದನೆಯ 100 ಮಿಲಿಲೀಟರ್ ಗಾಜಿನ ಅಳತೆ ಕೊಳವೆ ತೆಗೆದುಕೊಳ್ಳಿ. ಮೊದಲು 10 ಮಿಲಿಲೀಟರ್ ನೀರು, ಅದರ ಮೇಲೆ 100ರ ಗೆರೆಯ ತನಕ ಪೆಟ್ರೋಲ್. ಬಾಯಿ ಮುಚ್ಚಿ ಒಂದು ನಿಮಿಷ ಅಲುಗಿಸಿ, ಆಗಾಗ ಮುಚ್ಚಳ ಸಡಿಲಿಸಿ ಆವಿ ಬಿಡಿ, ಆಮೇಲೆ ಹತ್ತು ನಿಮಿಷ ಕದಲಿಸದೆ ಇಡಿ. ಎಥನಾಲ್ ನೀರಿಗೆ ಇಳಿದು ಕೆಳಗಿನ ಪದರ ಬೆಳೆಯುತ್ತದೆ. ಗೆರೆ 10ರಲ್ಲೇ ಉಳಿದರೆ ಎಥನಾಲ್ ಇಲ್ಲ. 19ರ ಹತ್ತಿರ ಬಂದರೆ ಇ10, 28ರ ಹತ್ತಿರ ಬಂದರೆ ಇ20. ಲೆಕ್ಕ ಸುಲಭ: ಗೆರೆ ಏರಿದಷ್ಟನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿ. ಅಂದಾಜಿನ ಪರೀಕ್ಷೆ ಇದು, ಒಂದೆರಡು ಅಂಕ ಆಚೀಚೆ ಆಗುತ್ತದೆ. ಪರೀಕ್ಷೆ ಮುಗಿದ ಪೆಟ್ರೋಲನ್ನು ಗಾಡಿಗೆ ಹಾಕಬೇಡಿ, ಚರಂಡಿಗೂ ಸುರಿಯಬೇಡಿ; ವರ್ಕ್‌ಶಾಪಿನಲ್ಲಿ ಹಳೆ ಎಣ್ಣೆ ಸಂಗ್ರಹಿಸುವವರಿಗೆ ಕೇಳಿ ಕೊಡಿ.

ಇದೇ ತಂತ್ರದಿಂದ ಇಡೀ ಕ್ಯಾನಿನ ಎಥನಾಲ್ ತೊಳೆದು ಶುದ್ಧ ಪೆಟ್ರೋಲ್ ಮಾಡಿಕೊಳ್ಳಬಹುದಲ್ಲ ಎಂದು ಕೆಲವರು ಹೊರಡುತ್ತಾರೆ. ಬೇಡ. ಎಷ್ಟೋ ಕಡೆ ಪೆಟ್ರೋಲಿಗೆ ಬೇಕಾದ ಆಕ್ಟೇನಿನ ಒಂದು ಪಾಲು ಎಥನಾಲಿನಿಂದಲೇ ಬಂದಿರುತ್ತದೆ, ತೊಳೆದರೆ ಅದು ಹೋಗುತ್ತದೆ. ಬಕೆಟ್ಟಿನಲ್ಲಿ ಪೆಟ್ರೋಲ್ ಕಲಕುವುದು ಮನೆಗೇ ಅಪಾಯ.

ಹಾಗಾದರೆ ಯಾವುದು ಹಾಕಬೇಕು

ಕೈಪಿಡಿಯಲ್ಲಿ ಇ20 ಎಂದು ಬರೆದಿರುವ ಇಂಜೆಕ್ಷನ್ ಬೈಕು, ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಆಗುತ್ತದೆ: ಇ20 ಹಾಕಿ, ನೆಮ್ಮದಿಯಾಗಿರಿ. ಭಯಪಡುವ ಕಾರಣ ನನಗೆ ಕಾಣುವುದಿಲ್ಲ.

ಕೈಪಿಡಿ ಇ10 ಮಾತ್ರ ಎನ್ನುತ್ತದೆ, ಸಿಗುವುದು ಇ20: ದಿನಾ ಓಡುವ ಗಾಡಿಯಾದರೆ ಪೈಪು, ಓ-ರಿಂಗುಗಳನ್ನು ಬದಲಿಸಿಕೊಂಡು, ಮೊದಲ ಕೆಲವು ಟ್ಯಾಂಕ್ ಮುಗಿದ ಮೇಲೆ ಫಿಲ್ಟರ್ ಬದಲಿಸಿ. ವಾರಂಟಿ ಉಳಿದಿದ್ದರೆ ತಯಾರಕರಿಂದ ಬರಹದಲ್ಲಿ ಉತ್ತರ ಪಡೆಯಿರಿ, ಬಾಯಿಮಾತು ಬೇಡ. ಕಡಿಮೆ ಎಥನಾಲಿನ ಪೆಟ್ರೋಲ್ ಅಲ್ಲಲ್ಲಿ ಸಿಗುವುದಾದರೆ ಬೆರೆಸಬಹುದು. ಟ್ಯಾಂಕಿನಲ್ಲಿ 4 ಲೀಟರ್ ಇ20 ಉಳಿದಿದೆ, ಮೇಲೆ 8 ಲೀಟರ್ ಇ5 ಹಾಕಿಸಿದಿರಿ: 0.8 ಲೀಟರ್, 0.4 ಲೀಟರ್, ಒಟ್ಟು 12 ಲೀಟರಿನಲ್ಲಿ 1.2 ಲೀಟರ್ ಎಥನಾಲ್, ಅಂದರೆ ಇ10.

ಕಾರ್ಬುರೇಟರ್ ಬೈಕು, ಎಥನಾಲಿಲ್ಲದ ಪೆಟ್ರೋಲಿನ ಕಾಲದ್ದು: ಸಿಗುವುದರಲ್ಲಿ ಅತಿ ಕಡಿಮೆ ಎಥನಾಲಿನದು, ಜೊತೆಗೆ ಜೆಟ್ ಹೊಂದಾಣಿಕೆ. ಅದರ ವಿವರ ಮುಂದಿದೆ.

ಇ85 ಅಥವಾ ಪೂರ್ತಿ ಎಥನಾಲ್: ಅದಕ್ಕೆಂದು ತಯಾರಾದ ಗಾಡಿಗೆ ಮಾತ್ರ. ಹೋಂಡಾ 2009ರಲ್ಲಿ ಬ್ರೆಜಿಲ್‌ನಲ್ಲಿ ತಂದ ಸಿಜಿ 150 ಟೈಟನ್ ಮಿಕ್ಸ್ ಪೆಟ್ರೋಲ್, ಎಥನಾಲ್ ಎರಡನ್ನೂ ಯಾವ ಪ್ರಮಾಣದಲ್ಲಾದರೂ ಕುಡಿಯುವ ಮೊದಲ ಮೋಟಾರ್‌ಸೈಕಲ್. ಟಿವಿಎಸ್ 2019ರಲ್ಲಿ ಅಪಾಚೆ ಆರ್‌ಟಿಆರ್ 200 ಬೈಕಿನ ಎಥನಾಲ್ ಮಾದರಿಯನ್ನು ಬಿಡುಗಡೆ ಮಾಡಿತು. ಇವುಗಳ ಇಂಜೆಕ್ಟರ್, ಪಂಪು, ಲೆಕ್ಕ ಎಲ್ಲ ಬೇರೆ. ಸಾಮಾನ್ಯ ಬೈಕಿಗೆ ಇ85 ಹಾಕಿದರೆ ವಿಪರೀತ ಲೀನ್ ಆಗಿ ಓಡುತ್ತದೆ, ಚಳಿಯಲ್ಲಿ ಹೊತ್ತುವುದೇ ಇಲ್ಲ.

ಹಳೆಯ ಗಾಡಿಗೆ ಸೀಸದ ಅಂಶವಿರುವ ವಿಮಾನದ ಪೆಟ್ರೋಲ್ ತಂದು ಹಾಕುವವರೂ ಇದ್ದಾರೆ. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಇರುವ ಬೈಕಿನಲ್ಲಿ ಸೀಸ ಎರಡನ್ನೂ ಕೊಲ್ಲುತ್ತದೆ.

ಕಾರ್ಬುರೇಟರಿನ ಜೆಟ್

ಜೆಟ್ಟಿನ ಅಂಕಿ 100 ಎಂದಿದ್ದರೆ ಕೆಲವು ತಯಾರಕರಲ್ಲಿ ಅದು ತೂತಿನ ಅಡ್ಡಳತೆ, 1.00 ಮಿಲಿಮೀಟರ್. ಇನ್ನು ಕೆಲವರಲ್ಲಿ ಹರಿವಿನ ಅಳತೆ. ಅಡ್ಡಳತೆಯ ಅಂಕಿಯಾದರೆ ಲೆಕ್ಕ ಹೀಗೆ: ಇ10ಕ್ಕೆ ಸುಮಾರು ಶೇ 4 ಹೆಚ್ಚು ಇಂಧನ ಬೇಕು, ತೂತಿನ ವಿಸ್ತಾರ ಅಡ್ಡಳತೆಯ ವರ್ಗದಂತೆ ಬೆಳೆಯುವುದರಿಂದ ಅಡ್ಡಳತೆ ಶೇ 2 ಹೆಚ್ಚಿದರೆ ಸಾಕು. 100 ಇದ್ದದ್ದು 102 ಆಗಬೇಕು. ಇ20ಕ್ಕೆ ಶೇ 7-8 ಇಂಧನ, ಅಡ್ಡಳತೆಯಲ್ಲಿ ಶೇ 4ರ ಹತ್ತಿರ. 102 ಹಾಕಿ ನೋಡಿ, ಸಾಲದಿದ್ದರೆ 105. ಹಳೆಯ ಜೆಟ್ಟನ್ನೇ ಡ್ರಿಲ್ ಹಾಕಿ ದೊಡ್ಡದು ಮಾಡಲು ಹೋಗಬೇಡಿ, ಒಳಮೈ ಒರಟಾಗಿ ಲೆಕ್ಕವೆಲ್ಲ ತಪ್ಪುತ್ತದೆ.

ಎಲ್ಲ ಗಾಡಿಗೂ ಜೆಟ್ ಬದಲಿಸಲೇಬೇಕೆಂದಿಲ್ಲ. ಮೊದಲೇ ಸ್ವಲ್ಪ ರಿಚ್ (ಇಂಧನ ಹೆಚ್ಚು, ಗಾಳಿ ಕಡಿಮೆ) ಇದ್ದ ಎಂಜಿನ್ ಇ10ರಲ್ಲಿ ಇನ್ನೂ ಚೆನ್ನಾಗಿ ಓಡಬಹುದು. ಲಕ್ಷಣ ನೋಡಿ ನಿರ್ಧರಿಸಿ: ಬಿಸಿಯಾದ ಮೇಲೂ ಚೋಕ್ ಎಳೆದರೆ ಗಾಡಿ ಸರಾಗ ಓಡುತ್ತದೆಯೇ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುತ್ತದೆಯೇ, ಐಡಲಿಂಗ್ ತಾನಾಗಿ ಏರಿ ನಿಲ್ಲುತ್ತದೆಯೇ? ಹತ್ತು ಕಿಲೋಮೀಟರ್ ಒಂದೇ ಹದದಲ್ಲಿ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ತಿಳಿ ಕಂದು ಇದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ಎಥನಾಲ್ ಬೆರೆತಾಗ ಪ್ಲಗ್ಗಿನ ಬಣ್ಣ ಸ್ವಲ್ಪ ತೆಳ್ಳಗೇ ಕಾಣುತ್ತದೆ, ಹಾಗಾಗಿ ಬಣ್ಣವೊಂದನ್ನೇ ನೆಚ್ಚಬೇಡಿ. ಐಡಲಿಂಗ್ ಮಾತ್ರ ಕೆಟ್ಟಿದ್ದರೆ ಮುಖ್ಯ ಜೆಟ್ ಮುಟ್ಟದೆ, ಐಡಲಿಂಗ್ ಮಿಶ್ರಣವನ್ನು ಹದ ಮಾಡುವ ಪೈಲಟ್ ಸ್ಕ್ರೂ ಕಾಲು ಸುತ್ತು ಹೊಂದಿಸಿ ನೋಡಿ.

ನಿಲ್ಲಿಸಿಡುವ ಗಾಡಿ

ಒಂದು ತಿಂಗಳೊಳಗೆ ಓಡಿಸುತ್ತೀರಾದರೆ ಏನೂ ಮಾಡಬೇಕಿಲ್ಲ. ಎರಡು ಮೂರು ತಿಂಗಳು ನಿಲ್ಲುವುದಾದರೆ ಸಿಗುವುದರಲ್ಲಿ ಕಡಿಮೆ ಎಥನಾಲಿನ ಪೆಟ್ರೋಲನ್ನು ಟ್ಯಾಂಕ್ ತುಂಬ ಹಾಕಿಸಿ. ಗಾಳಿಗೆ ಜಾಗ ಕಡಿಮೆಯಾದಷ್ಟೂ ಉಕ್ಕಿನ ಒಳಮೈಗೆ ತುಕ್ಕು ಕಡಿಮೆ. ಸ್ಟೆಬಿಲೈಸರ್ ಬಳಸುವುದಾದರೆ ಹೊಸ ಪೆಟ್ರೋಲಿಗೆ ಬೆರೆಸಿ ಹತ್ತು ನಿಮಿಷ ಎಂಜಿನ್ ಓಡಿಸಿ, ಅದು ಕಾರ್ಬುರೇಟರ್ ಅಥವಾ ಇಂಜೆಕ್ಟರಿನ ತನಕ ತಲುಪಲಿ. ಹಳಸಿದ ಪೆಟ್ರೋಲಿಗೆ ಹಾಕಿ ಪ್ರಯೋಜನವಿಲ್ಲ. ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಫ್ಲೋಟ್ ಬೌಲಿನ ಸ್ಕ್ರೂ ಸಡಿಲಿಸಿ ಪೂರ್ತಿ ಬಸಿದುಬಿಡಿ. ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿದರೂ ತಳದಲ್ಲಿ ಒಂದಿಷ್ಟು ಉಳಿಯುತ್ತದೆ, ಆ ಒಂದಿಷ್ಟೇ ಒಣಗಿ ಪೈಲಟ್ ಜೆಟ್ಟಿನ ಕೂದಲೆಳೆ ತೂತನ್ನು ಮುಚ್ಚುವುದು.

ಮತ್ತೆ ಹೊರತೆಗೆಯುವ ದಿನ, ಕಿಕ್ಕರಿಗೋ ಬಟನ್ನಿಗೋ ಕೈಹಾಕುವ ಮೊದಲು ಟ್ಯಾಂಕಿನ ಮುಚ್ಚಳ ತೆರೆದು ಮೂಸಿ ನೋಡಿ. ಹೊಸ ಪೆಟ್ರೋಲಿನ ಚುರುಕು ವಾಸನೆ ಹೋಗಿ ಹಳೆಯ ವಾರ್ನಿಷ್ಷಿನಂಥ ಹುಳಿ ವಾಸನೆ ಬಂದರೆ ಹೊತ್ತಿಸಬೇಡಿ. ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲ್ ಬಸಿದು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಇಟ್ಟು, ನಡುವೆ ಗೆರೆ ಕಾಣುತ್ತದೆಯೇ ನೋಡಿ. ಕಂಡರೆ ಟ್ಯಾಂಕ್ ಬರಿದು ಮಾಡಿ, ಬಿಸಿಲಿಗೆ ಒಣಗಿಸಿ, ಹೊಸ ಫಿಲ್ಟರ್ ಹಾಕಿ, ಎರಡು ಲೀಟರ್ ಹೊಸ ಪೆಟ್ರೋಲಿನಿಂದ ಶುರು ಮಾಡಿ.